ಸುಕ್ರಜ್ಜಿಯ ಎರಡನೆಯ ಸಾಲು



ಕಲ್ಯಾಣ, ಡೊಂಬಿವಲಿ, ನವಿಮುಂಬಯಿಗಳಿಂದ ಲೋಕಲ್ ಹಿಡಿದು ಈ ವರ್ತಕ ನಗರಕ್ಕೆ ಬಂದ ನಿಮ್ಮೆದುರು ಇಂದು ನಾನು ನೆನೆಯುವುದು ಹಾಡಿ ಹೊಟ್ಟೆ ಹೊರೆಯದ ಒಬ್ಬ ಹಾಡುಗಾರ್ತಿಯನ್ನು. ಅಂಕೋಲಾ ತಾಲೂಕಿನ ಬಡಗೇರಿಯ ಸುಕ್ರಿ ಬೊಮ್ಮಗೌಡ. ಊರಿಗೆಲ್ಲ ಸುಕ್ರಜ್ಜಿ. 2017ರಲ್ಲಿ ಪದ್ಮಶ್ರೀ ಬಂತು. 2025ರ ಫೆಬ್ರುವರಿ 13ರಂದು ತೀರಿಕೊಂಡರು. ಅದಕ್ಕೆ ಎರಡು ತಿಂಗಳು ಮೊದಲಷ್ಟೇ ಅದೇ ತಾಲೂಕಿನ, ಅದೇ ಹಾಲಕ್ಕಿ ಒಕ್ಕಲಿಗರ ತುಳಸಿಗೌಡರು ಹೋಗಿದ್ದರು. ಒಬ್ಬರು ಗಿಡ ಬೆಳೆಸಿದವರು, ಇನ್ನೊಬ್ಬರು ಹಾಡು ಉಳಿಸಿದವರು. ಒಂದೇ ಸಮುದಾಯ ಅಷ್ಟು ಸಣ್ಣ ಅವಧಿಯಲ್ಲಿ ಇಬ್ಬರನ್ನೂ ಕಳೆದುಕೊಂಡಿತು.

ಮೊದಲು ಆ ಸಮುದಾಯದ ವಾದ್ಯದ ಮಾತು. ಹಾಲಕ್ಕಿ ಗಂಡಸರದ್ದು ಗುಮಟೆ. ಕುಂಬಾರ ಮಾಡಿಕೊಟ್ಟ ಮಣ್ಣಿನ ಗಡಿಗೆ, ಎರಡೂ ಕಡೆ ಬಾಯಿ. ಅಗಲವಾದ ಬಾಯಿಗೆ ಚರ್ಮ ಬಿಗಿದು ಒಣಗಿಸುತ್ತಾರೆ, ಬಾರಿಸುವ ಮೊದಲು ಬೆಂಕಿಗೆ ಹಿಡಿದು ಕಾಯಿಸುತ್ತಾರೆ. ಬಲಗೈ ಚರ್ಮದ ಮೇಲೆ ಬಡಿಯುತ್ತಿದ್ದರೆ ಎಡಗೈ ಸಣ್ಣ ಬಾಯಿಯನ್ನು ಮುಚ್ಚುತ್ತ ತೆರೆಯುತ್ತ ಇರುತ್ತದೆ. ಒಳಗಿನ ಗಾಳಿಯನ್ನು ಅಂಗೈಯಲ್ಲೇ ಆಳುವುದರಿಂದ ದನಿ ಒಮ್ಮೆ ಗುಂಯ್ ಎಂದು ತೆರೆದುಕೊಳ್ಳುತ್ತದೆ, ಒಮ್ಮೆ ಗಂಟಲು ಕಟ್ಟಿದಂತೆ ನಿಲ್ಲುತ್ತದೆ. ಬಾರಿಸುವವನೇ ಗಡಿಗೆ ಆರಿಸಿ, ಚರ್ಮ ಕಟ್ಟಿ, ಕಾಯಿಸಿ, ದನಿ ಕೂಡಿಸುತ್ತಾನೆ. ಸುಗ್ಗಿ ಕುಣಿತಕ್ಕೆ ತಲೆಗೇರುವ ತುರಾಯಿಯೂ ಹಾಗೆಯೇ, ಬೆಂಡಿನ ಹೂವು ಹಕ್ಕಿಗಳನ್ನು ಹಾಲಕ್ಕಿ ಕೇರಿಯ ಕೈಗಳೇ ಮಾಡುತ್ತವೆ.

ಈ ಗುಮಟೆ ನಿಮಗೂ ಹೊಸತಲ್ಲ. ಬಾರಕೂರು, ಮಂದಾರ್ತಿ ಕಡೆಯವರು ಹೋಳಿಯಲ್ಲಿ ಕುಡುಬಿಯರ ಗುಮಟೆ ಕೇಳಿರುತ್ತೀರಿ. ನಮ್ಮ ಮತ್ಸ್ಯಗಂಧ ರೈಲು ಗೋವೆಯನ್ನು ಹಾದೇ ಕಾರವಾರ ಸೇರುತ್ತದಲ್ಲ, ಆ ಗೋವೆಯಲ್ಲಿ ಹಿಂದೂಗಳ ಆರತಿಗೂ ಕ್ರೈಸ್ತರ ಮಾಂಡೊ ಹಾಡಿಗೂ ಇದೇ ಘುಮಟ. 2019ರಲ್ಲಿ ಅಲ್ಲಿನ ಸರಕಾರ ಅದನ್ನು ರಾಜ್ಯದ ಪರಂಪರೆಯ ವಾದ್ಯವೆಂದು ಘೋಷಿಸಿತು. ಹಿಂದೆ ಉಡದ ಚರ್ಮ ಬಿಗಿಯುತ್ತಿದ್ದರು. 1972ರ ವನ್ಯಜೀವಿ ಕಾಯಿದೆ ಉಡಕ್ಕೆ ರಕ್ಷಣೆ ಕೊಟ್ಟ ಮೇಲೆ ಆಡಿನ ಚರ್ಮ ಬಂತು. ಮೊದಲಿನ ನಾದವಿಲ್ಲ ಎಂದು ಕೊರಗುವವರಿದ್ದಾರೆ. ನನಗೆ ಕಾಯಿದೆಯೇ ಸರಿ ಎನಿಸುತ್ತದೆ. ಚರ್ಮ ಬದಲಾದದ್ದರಿಂದ ಯಾವ ಹಾಡೂ ಸತ್ತಿಲ್ಲ.

ಹಾಡು ಸಾಯುವುದು ಬೇರೆ ಕಾರಣಕ್ಕೆ. ಅದಕ್ಕೇ ಸುಕ್ರಜ್ಜಿಯ ಮಾತು ಎತ್ತಿದೆ.

ಹೆಂಗಸರ ಹಾಡಿಗೆ ಗುಮಟೆ ಇಲ್ಲ. ಅವರಿಗೆ ಎದುರು ಕೂತ ಇನ್ನೊಂದು ಸಾಲೇ ವಾದ್ಯ. ಒಂದು ಗುಂಪು ಒಂದು ನುಡಿ ಎತ್ತುತ್ತದೆ, ಎದುರಿನ ಗುಂಪು ಅದನ್ನು ಹಿಡಿದು ತಿರುಗಿಸುತ್ತದೆ. ಆ ಹೊತ್ತಿನಲ್ಲಿ ಮೊದಲಿನವರಿಗೆ ಉಸಿರು ಸಿಗುತ್ತದೆ, ಮುಂದಿನ ನುಡಿ ನೆನಪಿಗೆ ಬರುತ್ತದೆ. ಸುಕ್ರಜ್ಜಿಗೆ ಓದು ಬರಹ ಇರಲಿಲ್ಲ. ತಾಯಿಯಿಂದ ಕಲಿತ ಹಾಡುಗಳು, ನೆಟ್ಟಿಯ ಗದ್ದೆಯಲ್ಲಿ, ಮದುವೆಯ ಚಪ್ಪರದಲ್ಲಿ ಬಲಿತ ಹಾಡುಗಳು ಸಾವಿರಗಟ್ಟಲೆ ಅವರ ನೆನಪಿನಲ್ಲಿದ್ದವು. ಆ ನೆನಪಿನ ಅರ್ಧ ಎದುರಿನ ಸಾಲಿನಲ್ಲಿತ್ತು ಎಂದು ನಾನು ನಂಬುತ್ತೇನೆ. ಕಾರವಾರ ಆಕಾಶವಾಣಿ ಅವರ ದನಿಯನ್ನು ಮನೆಮನೆಗೆ ಮುಟ್ಟಿಸಿತು, ವಿದ್ವಾಂಸರು ಹಾಡುಗಳನ್ನು ಬರೆದುಕೊಂಡರು. ಅವರಿಗೆ ನಾವು ಋಣಿಗಳು. ಆದರೆ ಮೈಕು ಒಬ್ಬರ ಮುಂದೆ ನಿಲ್ಲುತ್ತದೆ, ಪ್ರಶಸ್ತಿಯೂ ಒಬ್ಬರ ಕೊರಳಿಗೇ ಬೀಳುತ್ತದೆ. ಎರಡನೆಯ ಸಾಲಿನವರ ಹೆಸರು ಯಾರೂ ಕೇಳಲಿಲ್ಲ. ಈಗ ಬೀಸುಕಲ್ಲು ಮೂಲೆ ಸೇರಿದೆ, ಗದ್ದೆಗೆ ಯಂತ್ರ ಇಳಿದಿದೆ, ಮದುವೆ ಸಭಾಭವನಕ್ಕೆ ಹೋಗಿದೆ. ಜೊತೆಗೆ ಕೂರುವ ಕೆಲಸವೇ ಇಲ್ಲದ ಮೇಲೆ ಎದುರು ಸಾಲು ಎಲ್ಲಿಂದ ಬರಬೇಕು?

ಆ ಸಾಲಿನ ಬಲ ಏನೆಂದು ತೋರಿಸಿದ್ದು ಸಾರಾಯಿ ವಿರುದ್ಧದ ಹೋರಾಟ. ಗಂಡ ಬೊಮ್ಮಗೌಡರನ್ನು ಕುಡಿತ ಕೊಂಡೊಯ್ಯಿತು, ಸಾಕಿದ ಮಗನನ್ನೂ ಬಿಡಲಿಲ್ಲ. ಇಷ್ಟು ಪೆಟ್ಟು ತಿಂದ ಹೆಂಗಸು ಮನೆಯೊಳಗೆ ಕೂತು ಅತ್ತಿದ್ದರೂ ಯಾರೂ ತಪ್ಪೆನ್ನುತ್ತಿರಲಿಲ್ಲ. ಸುಕ್ರಜ್ಜಿ ಹೊರಗೆ ಬಂದರು. ಅಂಕೋಲಾ ಸೀಮೆಯ ಹೆಂಗಸರ ಜೊತೆ ನಿಂತರು, ಸಾರಾಯಿ ಮಾರಾಟದ ವಿರುದ್ಧ ಮಾತಾಡಿದರು, ಹಾಡಿದರು. ಗದ್ದೆಯಲ್ಲಿ ಒಬ್ಬರ ನುಡಿ ಇನ್ನೊಬ್ಬರು ಹಿಡಿದು ಅಭ್ಯಾಸವಿದ್ದವರಿಗೆ ಬೀದಿಯಲ್ಲಿ ಒಟ್ಟಾಗುವುದನ್ನು ಯಾರೂ ಕಲಿಸಿಕೊಡಬೇಕಿರಲಿಲ್ಲ. ಕರ್ನಾಟಕದಲ್ಲಿ ಸಾರಾಯಿ ನಿಷೇಧವಾದದ್ದು 2007ರಲ್ಲಿ. ಅದಕ್ಕೆ ಎಷ್ಟೋ ವರ್ಷ ಮೊದಲೇ ಈ ಕೂಲಿ ಹೆಂಗಸರು ಅದನ್ನು ಕೇಳಿದ್ದರು. ಹಾಲಕ್ಕಿಗಳನ್ನು ಪರಿಶಿಷ್ಟ ಪಂಗಡಕ್ಕೆ ಸೇರಿಸಿ ಎಂಬ ಬೇಡಿಕೆಯನ್ನೂ ಅಜ್ಜಿ ದೊಡ್ಡವರೆದುರು ಮುಂದಿಟ್ಟರು. ಅವರು ಕಣ್ಣು ಮುಚ್ಚುವವರೆಗೂ ಅದು ಈಡೇರಲಿಲ್ಲ. ಸನ್ಮಾನದ ಶಾಲು ಹೊದಿಸಿದವರು ಆ ಮಾತಿಗೂ ಕಿವಿ ಕೊಡಬಹುದಿತ್ತು.

ಸುಕ್ರಜ್ಜಿ ಹೋದಾಗ ಜಾನಪದದ ಕಣಜವೇ ಬರಿದಾಯಿತು ಎಂದು ಹಲವರು ಬರೆದರು. ಪ್ರೀತಿಯಿಂದ ಬರೆದದ್ದು, ಆದರೂ ನಾನು ಒಪ್ಪಲಾರೆ. ಹಾಡು ಒಬ್ಬರ ಸೊತ್ತಾಗಿದ್ದರೆ ತಾನೆ ಒಬ್ಬರ ಜೊತೆ ಹೋಗುವುದು? ಬಡಗೇರಿಯಲ್ಲಿ ಅವರೊಡನೆ ಹಾಡಿದ ಹೆಂಗಸರಿದ್ದಾರೆ. ಇಲ್ಲಿಯೂ ನಮ್ಮ ನಿಮ್ಮ ಮನೆಗಳಲ್ಲಿ, ಮೊಮ್ಮಕ್ಕಳನ್ನು ನೋಡಿಕೊಳ್ಳಲೆಂದು ಊರಿನಿಂದ ಬಂದ ಅಮ್ಮಂದಿರು, ಅತ್ತೆಯಂದಿರು ಇದ್ದಾರೆ. ಶೋಭಾನೆ, ಓಬೇಲೆ, ಹೊನ್ನಾವರದ ಹವ್ಯಕರ ಮದುವೆ ಹಾಡು, ಕುಂದಾಪುರದ ಜೋಗುಳ ಎಲ್ಲ ಅವರಿಗೆ ಬರುತ್ತದೆ. ಎಂಟನೆಯ ಮಹಡಿಯಲ್ಲಿ ಟೀವಿಯ ಎದುರು ಒಬ್ಬರೇ ಕೂತವರು ಯಾರಿಗೆಂದು ಹಾಡಬೇಕು?

ಹಾಗಾಗಿ ಈ ಉಪನ್ಯಾಸ ಮಾಲೆಯ ಸಂಘಟಕರಲ್ಲಿ ನನ್ನದೊಂದು ಕೋರಿಕೆ. ಮುಂದಿನ ಸಲ ಉಪನ್ಯಾಸಕರನ್ನು ಕರೆಯಬೇಡಿ. ಕುರ್ಚಿ ತೆಗೆದು ಜಮಖಾನ ಹಾಸಿ, ಆ ಅಮ್ಮಂದಿರನ್ನು ಎರಡು ಸಾಲಾಗಿ ಕೂರಿಸಿ. ಅವರ ಜೊತೆ ಎದುರು ಸಾಲಿನಲ್ಲಿ ನಮ್ಮ ಸೊಸೆಯಂದಿರು, ಮಕ್ಕಳು ಕೂರಲಿ. ಹಾಡು ಬಾರದಿದ್ದರೂ ಚಿಂತೆಯಿಲ್ಲ, ಹೇಳಿಕೊಟ್ಟದ್ದನ್ನು ತಿರುಗಿಸಿ ಹೇಳಿದರೆ ಸಾಕು, ಆ ಸಾಲಿನ ಕೆಲಸವೇ ಅದು.