ತಡವಾಗಿ ಬಂದ ಮಿಡಿತ ಹೇಳಿದ್ದೇನು?

(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣ)



ನಾನು ಇದೇ ಶಾಲೆಯಲ್ಲಿ ಓದಿ, ಬಿ.ಇ. ಮುಗಿಸಿ, ಈಗ ಸಾಫ್ಟ್‌ವೇರ್ ಕೆಲಸದಲ್ಲಿದ್ದೇನೆ. ಒಂದು ಕಂಪ್ಯೂಟರಿನಿಂದ ಹೊರಟ ಸಂದೇಶ ಇನ್ನೊಂದಕ್ಕೆ ಯಾಕೆ ತಡವಾಗಿ ತಲುಪಿತು ಎಂದು ಹುಡುಕುವುದು ನನ್ನ ಕಸುಬು. ಅದಕ್ಕೇ, ಬರೀ 'ತಡ'ವನ್ನು ಎಣಿಸಿ ನಕ್ಷತ್ರಗಳನ್ನೇ ತೂಗಿದವರ ಕಥೆ ನನಗೆ ಬಹಳ ಇಷ್ಟ.

1970ರ ಡಿಸೆಂಬರ್ 12ರಂದು ಕೀನ್ಯಾದ ಕರಾವಳಿಯಿಂದ ಅಮೆರಿಕದ ಒಂದು ಪುಟ್ಟ ಉಪಗ್ರಹ ಹಾರಿತು. ಅಂದು ಕೀನ್ಯಾದ ಸ್ವಾತಂತ್ರ್ಯ ದಿನ. ಅದಕ್ಕೇ ಅದಕ್ಕೆ 'ಉಹುರು' ಎಂದು ಹೆಸರಿಟ್ಟರು. ಸ್ವಾಹಿಲಿ ಭಾಷೆಯಲ್ಲಿ ಹಾಗೆಂದರೆ ಸ್ವಾತಂತ್ರ್ಯ. ಆಕಾಶದಿಂದ ಬರುವ ಎಕ್ಸ್-ರೇ ಕಿರಣಗಳನ್ನು ನಮ್ಮ ವಾಯುಮಂಡಲ ತಡೆಯುತ್ತದೆ. ಅವನ್ನು ನೋಡಬೇಕಾದರೆ ಮೇಲಕ್ಕೇ ಹೋಗಬೇಕು.

ನಮ್ಮೂರಿನಲ್ಲಿ ಬೇಸಿಗೆಯ ರಾತ್ರಿ ದಕ್ಷಿಣಕ್ಕೆ ತಗ್ಗಿನಲ್ಲಿ ತ್ರಿಶಂಕು ನಕ್ಷತ್ರಗಳು ಕಾಣುತ್ತವಲ್ಲ, ಅದರ ಹತ್ತಿರ 'ಸೆಂಟಾರಸ್ ಎಕ್ಸ್-3' ಎಂಬುದೊಂದಿದೆ. ಅದು 4.8 ಸೆಕೆಂಡಿಗೊಮ್ಮೆ ಮಿಡಿಯುವುದನ್ನು ಉಹುರು ಕಂಡಿತು. ಆದರೆ ಎರಡು ಮಿಡಿತಗಳ ನಡುವಿನ ಅಂತರ ಒಮ್ಮೆ ಕಡಿಮೆ, ಒಮ್ಮೆ ಹೆಚ್ಚು. ಸರಾಸರಿ ಅಂತರಕ್ಕೂ ಅದಕ್ಕೂ ವ್ಯತ್ಯಾಸ ಒಂದು ಸೆಕೆಂಡಿನ ನೂರನೇ ಒಂದು ಭಾಗಕ್ಕಿಂತಲೂ ಕಡಿಮೆ. ಆ ವಿಜ್ಞಾನಿಗಳು ಅದನ್ನು ಬಿಡದೆ ಲೆಕ್ಕವಿಟ್ಟರು. ಸುಮಾರು 2.1 ದಿನಕ್ಕೊಮ್ಮೆ ಅದೇ ಏರಿಳಿತ ಮರುಕಳಿಸುತ್ತಿತ್ತು. ಪ್ರತಿ ಸುತ್ತಿನಲ್ಲೂ ಸುಮಾರು ಅರ್ಧ ದಿನ ಕಿರಣಗಳೇ ಮಾಯ!

ಒಬ್ಬ ತಮಟೆ ಬಡಿಯುತ್ತಾ ಊರ ಕೆರೆಯನ್ನು ಸುತ್ತುತ್ತಿದ್ದಾನೆ ಎಂದುಕೊಳ್ಳಿ. ಅವನು ಆಚೆ ದಡದಲ್ಲಿದ್ದಾಗ ಪೆಟ್ಟು ತಡವಾಗಿ ಕೇಳುತ್ತದೆ, ಈಚೆ ದಡಕ್ಕೆ ಬಂದಾಗ ಬೇಗ. ಇಲ್ಲಿಯೂ ಅದೇ. ಮಿಡಿಯುವ ವಸ್ತು ಇನ್ನೊಂದು ದೊಡ್ಡ ನಕ್ಷತ್ರವನ್ನು ಸುತ್ತುತ್ತಿತ್ತು. ಅದರ ಹಿಂದೆ ಮರೆಯಾದಾಗ ಗ್ರಹಣ.

ಮಿಡಿಯುವುದು ನ್ಯೂಟ್ರಾನ್ ನಕ್ಷತ್ರ. ಸೂರ್ಯನಿಗಿಂತ ಹೆಚ್ಚು ದ್ರವ್ಯ, ಆದರೆ ಅಗಲ 20-25 ಕಿಲೋಮೀಟರ್ ಅಷ್ಟೇ. ಅದು ಜೊತೆಗಾರ ನಕ್ಷತ್ರದ ಅನಿಲವನ್ನು ಸೆಳೆಯುತ್ತದೆ. ಅದರ ಕಾಂತಕ್ಷೇತ್ರ ಭೂಮಿಯದಕ್ಕಿಂತ ಲಕ್ಷ ಕೋಟಿ ಪಟ್ಟು ಬಲವಾದದ್ದು. ಆ ಅನಿಲ ಧ್ರುವಗಳ ಕಡೆಗೇ ಹರಿದು, ಅಲ್ಲಿ ಅಪ್ಪಳಿಸಿ, ಕೋಟಿಗಟ್ಟಲೆ ಡಿಗ್ರಿ ಕಾದು ಎಕ್ಸ್-ರೇ ಸೂಸುತ್ತದೆ. ನಕ್ಷತ್ರ ತಿರುಗಿದಂತೆ ಆ ಬಿಸಿ ಜಾಗಗಳು ನಮ್ಮ ಕಡೆಗೆ ಬಂದು ಹೋಗುತ್ತವೆ, ಆಂಬುಲೆನ್ಸ್ ಮೇಲಿನ ತಿರುಗುವ ದೀಪದ ಹಾಗೆ.

ಹತ್ತನೇ ತರಗತಿಯ ಮಕ್ಕಳೇ, ಈಗ ಲೆಕ್ಕ ಮಾಡಿ. ಆಚೆ ಬದಿಯಲ್ಲಿದ್ದಾಗ ಮಿಡಿತ ಸರಾಸರಿಗಿಂತ 40 ಸೆಕೆಂಡು ತಡವಾಗಿ ಬರುತ್ತದೆ. ಬೆಳಕಿನ ವೇಗ ಸೆಕೆಂಡಿಗೆ 3 ಲಕ್ಷ ಕಿಲೋಮೀಟರ್. ಗುಣಿಸಿದರೆ ಕಕ್ಷೆಯ ತ್ರಿಜ್ಯ 1.2 ಕೋಟಿ ಕಿಲೋಮೀಟರ್. ಪರಿಧಿ ಸುಮಾರು 7.5 ಕೋಟಿ. 2.1 ದಿನ ಎಂದರೆ ಸುಮಾರು 1.8 ಲಕ್ಷ ಸೆಕೆಂಡು. ಭಾಗಿಸಿ ನೋಡಿ, ವೇಗ ಸೆಕೆಂಡಿಗೆ 400 ಕಿಲೋಮೀಟರಿಗೂ ಹೆಚ್ಚು! ಬೆಂಗಳೂರಿನಿಂದ ಹುಬ್ಬಳ್ಳಿಗೆ ಒಂದೇ ಸೆಕೆಂಡು. ಇದೇ ಅಂಕಿಗಳಿಗೆ ನ್ಯೂಟನ್ನನ ಗುರುತ್ವ ನಿಯಮ ಸೇರಿಸಿದರೆ, ಜೊತೆಗಾರ ನಕ್ಷತ್ರ ಸೂರ್ಯನ ಕನಿಷ್ಠ 15 ಪಟ್ಟು ಭಾರವಿರಬೇಕೆಂದು ತಿಳಿಯುತ್ತದೆ. ಆ ನಕ್ಷತ್ರವನ್ನು ದೂರದರ್ಶಕದಲ್ಲಿ ಗುರುತಿಸಿದ್ದು ಆಮೇಲೆ. ಈ ಬಗೆಯ ಖಗೋಳಶಾಸ್ತ್ರಕ್ಕೆ ದಾರಿ ತೆರೆದ ರಿಕಾರ್ಡೊ ಜಕೋನಿ ಅವರಿಗೆ 2002ರಲ್ಲಿ ನೊಬೆಲ್ ಬಂತು.

ಗುಣಾಕಾರ, ಭಾಗಾಕಾರ, ವೃತ್ತದ ಪರಿಧಿ: ಇವನ್ನು ಕಲಿಸಿದ್ದು ಈ ಶಾಲೆಯ ಕಪ್ಪುಹಲಗೆ, ಕನ್ನಡದಲ್ಲೇ. 'ಸೈನ್ಸು ನಮ್ಮಂಥವರಿಗಲ್ಲ, ಅದು ಇಂಗ್ಲಿಷ್ ಮೀಡಿಯಮ್ಮಿನವರಿಗೆ' ಎಂಬ ಮಾತು ಊರಿನಲ್ಲಿ ಈಗಲೂ ಕೇಳಿಬರುತ್ತದೆ. ಆ ಮಾತಿಗೆ ಹೆದರಿ ಹತ್ತನೇ ತರಗತಿಗೇ ವಿಜ್ಞಾನ ಬಿಡುವ ಮಕ್ಕಳಿದ್ದಾರೆ, ಅದರಲ್ಲೂ ಹೆಣ್ಣುಮಕ್ಕಳು. ಪೋಷಕರಲ್ಲಿ ನನ್ನ ಕೋರಿಕೆ ಇಷ್ಟೇ: ಮಗಳು ಪಿಯುಸಿಯಲ್ಲಿ ವಿಜ್ಞಾನ ಓದುತ್ತೇನೆ ಎಂದರೆ ಬೇಡ ಎನ್ನಬೇಡಿ.

2015ರಲ್ಲಿ ಇಸ್ರೋ ಹಾರಿಸಿದ ಆಸ್ಟ್ರೋಸ್ಯಾಟ್ ಇಂಥ ಮಿಡಿತಗಳನ್ನು ಅಳೆದಿದೆ. ಅದರ ದತ್ತಾಂಶ ಬೆಂಗಳೂರಿನ ಬಳಿಯ ಬ್ಯಾಲಾಳುವಿನಲ್ಲಿದೆ, ಸಾರ್ವಜನಿಕರಿಗೂ ತೆರೆದಿದೆ. 2024ರ ಜನವರಿ 1ರಂದು ಹಾರಿದ ಎಕ್ಸ್‌ಪೋಸ್ಯಾಟ್‌ನ ಮುಖ್ಯ ಉಪಕರಣವನ್ನು ಕಟ್ಟಿದ್ದು ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆ.

ಮುಂದಿನ ದಸರಾ ರಜೆಗೆ ನನ್ನ ಲ್ಯಾಪ್‌ಟಾಪ್ ತರುತ್ತೇನೆ. ಗುರುಗಳು ಒಪ್ಪಿದರೆ ಎರಡು ದಿನ ಇದೇ ಶಾಲೆಯಲ್ಲಿ ಕುಳಿತು, ನಿಜವಾದ ಅಂಕಿಗಳಿಂದ ಒಂದು ನಕ್ಷತ್ರದ ಮಿಡಿತ ಎಣಿಸೋಣ. ಆಸಕ್ತಿ ಇರುವವರು ಒಂದು ನೋಟ್‌ಬುಕ್ಕು, ಪೆನ್ಸಿಲ್ ತನ್ನಿ ಸಾಕು.