ಕೊಟ್ಟಿಗೆಯ ನೆತ್ತಿಗೆ ಗಾಳಿಗೂಡು
(ಕೆಂಗೇರಿ ಸುತ್ತಲಿನ ರೈತರ ಸಭೆಯಲ್ಲಿ ಮಾಡಿದ ಭಾಷಣ)



ನಮ್ಮ ಹಿರಿಯರ ಕೊಟ್ಟಿಗೆಗೆ ನಾಡಹೆಂಚಿನ ಸೂರು. ಹೆಂಚಿನ ಸಂದುಗಳಿಂದ ಬಿಸಿಗಾಳಿ ಹೊರಹೋಗುತ್ತಿತ್ತು. ಈಗ ಕೆಂಗೇರಿಯ ಸುತ್ತ ಮನೆಗಳು ಒತ್ತೊತ್ತಾಗಿ ಬಂದಿವೆ. ನಾಲ್ಕೂ ಕಡೆ ಗೋಡೆ ಎಬ್ಬಿಸಿ, ತಗಡು ಹೊದಿಸಿ, ಅದರೊಳಗೆ ಮಿಶ್ರತಳಿ ಹಸು ಕಟ್ಟುತ್ತೇವೆ. ಬೇಸಿಗೆಯಲ್ಲಿ ಅದು ಏದುಸಿರು ಬಿಡುತ್ತದೆ; ಮೇವು ತಿನ್ನುವುದು ಕಡಿಮೆಯಾಗಿ ಹಾಲು ಇಳಿಯುತ್ತದೆ.

ಅಮೆರಿಕದ ಹಳೆಯ ಕೊಟ್ಟಿಗೆಗಳಲ್ಲಿ ಕೆಳಗೆ ದನ, ಮೇಲೆ ಅಟ್ಟದಲ್ಲಿ ಒಣಹುಲ್ಲು. ಅಟ್ಟ ವಿಶಾಲವಾಗಲೆಂದು ಸೂರಿನ ಎರಡೂ ಮಗ್ಗುಲನ್ನು ನಡುವೆ ಮುರಿದು ಇಳಿಸುತ್ತಿದ್ದರು. ಹಿಮ ಬೀಳುವ ನಾಡು, ಗೋಡೆ ಭದ್ರ. ಆದರೂ ನೆತ್ತಿಯ ಮೇಲೆ ಗಾಳಿಗೂಡು ಇಟ್ಟು, ಬಿಸಿಯನ್ನೂ ತೇವವನ್ನೂ ಹೊರಬಿಡುತ್ತಿದ್ದರು.

ನಮಗೆ ಅವರ ಗಾಳಿಗೂಡು ಬೇಕು. ಗೋಡೆ, ಅಟ್ಟ ಬೇಡ. ಸರಿಯಾಗಿ ಒಣಗದ ಹುಲ್ಲು ಒಟ್ಟಿದರೆ ತಾನೇ ಕಾದು ಹೊತ್ತಿಕೊಳ್ಳುವುದುಂಟು. ಮೆದೆ ಕೊಟ್ಟಿಗೆಯಿಂದ ದೂರವಿರಲಿ.

ಕೊಟ್ಟಿಗೆಯ ಉದ್ದ ಪೂರ್ವ-ಪಶ್ಚಿಮವಾಗಿರಲಿ. ಹಸುವೊಂದಕ್ಕೆ ಸೂರಿನಡಿ 3.5 ಚದರ ಮೀಟರ್ ಜಾಗ ಬಿಡಿ. ನೆಲ ಗಂಜಲದ ಕಾಲುವೆಯ ಕಡೆಗೆ 40 ಅಡಿಗೆ 1 ಅಡಿಯಂತೆ ಇಳಿಜಾರಾಗಿರಲಿ.

ಹೊಸದು ಕಟ್ಟಲಾಗದವರು ಇರುವ ಕೊಟ್ಟಿಗೆಯನ್ನೇ ಸರಿಪಡಿಸಬಹುದು. ಸೂರು ಕಂಬಗಳ ಮೇಲೆ ನಿಂತಿದ್ದರೆ ಉದ್ದದ ಗೋಡೆಗಳನ್ನು ಎದೆಮಟ್ಟಕ್ಕೆ ಇಳಿಸಿ. ನೆತ್ತಿಯಲ್ಲಿ ಸಂದು ಬಿಡಿ. ಬೇಸಿಗೆಯಲ್ಲಿ ತಗಡಿನ ಮೇಲೆ ತೆಂಗಿನ ಗರಿ ಹೊದಿಸಿ. ಖರ್ಚು ಅಲ್ಪ, ಹಸುವಿಗೆ ನೆಮ್ಮದಿ ಬಹಳ.