ರೇ ಚಾರ್ಲ್ಸ್: ಅನುಕರಣೆಯಿಂದ ಸ್ವಂತ ದನಿಗೆ



ಹಾಡಲು ಕಲಿಯುವವರೆಲ್ಲ ಮೊದಲು ಯಾರನ್ನಾದರೂ ಅನುಕರಿಸಿಯೇ ಕಲಿಯುತ್ತಾರೆ. ಅದರಲ್ಲಿ ತಪ್ಪೇನಿಲ್ಲ. ಆದರೆ ಆ ಅನುಕರಣೆಯಿಂದ ಹೊರಗೆ ಬರುವುದು ಸುಲಭದ ಕೆಲಸವಲ್ಲ. ಹಾಗೆ ಹೊರಬಂದು, ಅದರ ಬೆಲೆಯನ್ನೂ ತೆತ್ತ ಒಬ್ಬ ಕಲಾವಿದರ ವಿಚಾರ ಇವತ್ತು ಹೇಳುತ್ತೇನೆ. ಅವರು ಅಮೆರಿಕದ ಗಾಯಕ ಹಾಗೂ ಪಿಯಾನೋ ವಾದಕ ರೇ ಚಾರ್ಲ್ಸ್.

ರೇ ಹುಟ್ಟಿದ್ದು 1930ರ ಸೆಪ್ಟೆಂಬರ್ 23ರಂದು, ಜಾರ್ಜಿಯಾ ರಾಜ್ಯದ ಆಲ್ಬನಿಯಲ್ಲಿ. ಬೆಳೆದದ್ದು ನೆರೆಯ ಫ್ಲಾರಿಡಾದ ಗ್ರೀನ್‌ವಿಲ್ ಎಂಬ ಸಣ್ಣ ಊರಿನಲ್ಲಿ. ಬಡತನದ ಕಪ್ಪು ಕುಟುಂಬ. ತಾಯಿ ಬೇರೆಯವರ ಬಟ್ಟೆ ಒಗೆದು ಮಕ್ಕಳನ್ನು ಸಾಕುತ್ತಿದ್ದರು. ಆ ಬಟ್ಟೆ ಒಗೆಯುವ ತೊಟ್ಟಿಯಲ್ಲೇ ತಮ್ಮ ಜಾರ್ಜ್ ಬಿದ್ದು ಸತ್ತುಹೋದ. ಐದು ವರ್ಷದ ರೇ ಅದನ್ನು ಕಣ್ಣಾರೆ ಕಂಡ. ಸ್ವಲ್ಪ ಕಾಲದಲ್ಲೇ ಆ ಕಣ್ಣುಗಳೂ ಮಂಜಾಗತೊಡಗಿ, ಏಳು ವರ್ಷ ತುಂಬುವಷ್ಟರಲ್ಲಿ ದೃಷ್ಟಿ ಪೂರ್ತಿ ಹೋಯಿತು. ತಾಯಿ ಮಾತ್ರ ಮಗನಿಗೆ ವಿನಾಯಿತಿ ಕೊಡಲಿಲ್ಲ. ಮನೆಗೆಲಸವೆಲ್ಲ ಅವನೂ ಮಾಡಬೇಕಿತ್ತು.

ಊರಿನಲ್ಲಿ ವೈಲಿ ಪಿಟ್‌ಮನ್ ಎಂಬುವರ ಒಂದು ಹೋಟೆಲು ಇತ್ತು, ಅದರಲ್ಲೊಂದು ಪಿಯಾನೋ. ಹುಡುಗ ಓಡಿಬಂದರೆ ಪಿಟ್‌ಮನ್ ಗದರಿಸಿ ಕಳಿಸುತ್ತಿರಲಿಲ್ಲ; ಪಕ್ಕದಲ್ಲಿ ಕೂರಿಸಿಕೊಂಡು ಬೆರಳಾಡಿಸುವುದನ್ನು ಕಲಿಸುತ್ತಿದ್ದರು. ರೇ ಅವರ ಮೊದಲ ಗುರು ಇವರೇ.

1937ರಲ್ಲಿ ಸೇಂಟ್ ಆಗಸ್ಟೀನ್ ಊರಿನ ಅಂಧ ಮತ್ತು ಕಿವುಡ ಮಕ್ಕಳ ಶಾಲೆಗೆ ಸೇರಿಸಿದರು. ಅಲ್ಲಿ ಕಪ್ಪು ಮಕ್ಕಳ ವಿಭಾಗ ಬೇರೆ, ಬಿಳಿಯ ಮಕ್ಕಳ ವಿಭಾಗ ಬೇರೆ. ಕಣ್ಣೇ ಕಾಣದ ಮಕ್ಕಳನ್ನೂ ಮೈಬಣ್ಣ ನೋಡಿ ಬೇರ್ಪಡಿಸಿದ್ದರು, ನೋಡಿ! ಅದೇನೇ ಇರಲಿ, ಅಲ್ಲಿ ರೇ ಬ್ರೈಲ್ ಲಿಪಿಯಲ್ಲಿ ಸಂಗೀತ ಓದಲು ಕಲಿತರು. ಇದು ಹೇಗೆಂದು ತಿಳಿದುಕೊಳ್ಳುವುದು ಒಳ್ಳೆಯದು. ಕಣ್ಣಿದ್ದವರು ಎದುರಿಗೆ ಹಾಳೆ ಇಟ್ಟುಕೊಂಡು ಎರಡೂ ಕೈಯಲ್ಲಿ ನುಡಿಸಬಹುದು. ಬ್ರೈಲ್ ಓದುವುದಕ್ಕೆ ಬೆರಳೇ ಬೇಕು. ಆದ್ದರಿಂದ ಒಂದು ಕೈಯಲ್ಲಿ ಕೆಲವು ಸ್ವರಗಳನ್ನು ತಡವಿ ಓದಬೇಕು, ಇನ್ನೊಂದು ಕೈಯಲ್ಲಿ ನುಡಿಸಿ ಗಟ್ಟಿ ಮಾಡಬೇಕು. ಆಮೇಲೆ ಕೈ ಬದಲಿಸಬೇಕು. ಕೊನೆಗೆ ಎರಡನ್ನೂ ನೆನಪಿನಲ್ಲೇ ಕೂಡಿಸಬೇಕು. ಹಾಡು ಪೂರ್ತಿ ಬಾಯಿಪಾಠವಾಗದೆ ನುಡಿಸುವ ಹಾಗೇ ಇಲ್ಲ. ಮುಂದೆ ಇಡೀ ವಾದ್ಯಮೇಳದ ಸ್ವರರಚನೆಯನ್ನು ತಲೆಯಲ್ಲೇ ಕಟ್ಟಿ, ಒಂದೊಂದು ವಾದ್ಯದ ಪಾಲನ್ನೂ ಬಾಯಲ್ಲಿ ಹೇಳಿ ಬರೆಸುವ ಶಕ್ತಿ ಅವರಿಗೆ ಬಂದದ್ದು ಈ ಕಠಿಣ ಅಭ್ಯಾಸದಿಂದ ಎಂದು ನನ್ನ ಎಣಿಕೆ.

1945ರಲ್ಲಿ ತಾಯಿ ತೀರಿಕೊಂಡರು. ಹದಿನೈದೂ ತುಂಬದ ಹುಡುಗ ಶಾಲೆ ಬಿಟ್ಟು, ಜಾಕ್ಸನ್‌ವಿಲ್, ಒರ್ಲಾಂಡೊ, ಟ್ಯಾಂಪಾ ಎಂದು ಊರೂರು ಸುತ್ತಿ ಪಿಯಾನೋ ನುಡಿಸಿ ಹೊಟ್ಟೆ ಹೊರೆದ. 1948ರಲ್ಲಿ ಫ್ಲಾರಿಡಾದಿಂದ ದೇಶದ ಇನ್ನೊಂದು ಮೂಲೆಯಲ್ಲಿದ್ದ ಸಿಯಾಟಲ್‌ಗೆ ಹೊರಟ. ಮುಂದೆ ಹೆಸರಾಂತ ಸಂಗೀತ ನಿರ್ದೇಶಕರಾದ ಕ್ವಿನ್ಸಿ ಜೋನ್ಸ್ ಗೆಳೆಯರಾದದ್ದು ಅಲ್ಲೇ. ಪೂರ್ತಿ ಹೆಸರು ರೇ ಚಾರ್ಲ್ಸ್ ರಾಬಿನ್‌ಸನ್. ಶುಗರ್ ರೇ ರಾಬಿನ್‌ಸನ್ ಎಂಬ ಪ್ರಸಿದ್ಧ ಮುಷ್ಟಿಪಟು ಆಗ ಇದ್ದುದರಿಂದ ಕೊನೆಯ ಹೆಸರನ್ನು ಕೈಬಿಟ್ಟರು.

ಆ ಕಾಲದಲ್ಲಿ ಅವರು ಹಾಡುತ್ತಿದ್ದುದು ನ್ಯಾಟ್ ಕಿಂಗ್ ಕೋಲ್ ಅವರ ದನಿಯಲ್ಲಿ. ನಯವಾದ, ಮೆಲುವಾದ ದನಿ. ಜನ ಮೆಚ್ಚುತ್ತಿದ್ದರು, ಕೆಲಸ ಸಿಗುತ್ತಿತ್ತು. ಥೇಟ್ ಕೋಲ್ ಹಾಗೆಯೇ ಹಾಡುತ್ತಾನೆ ಎನ್ನುತ್ತಿದ್ದರೇ ಹೊರತು ಹಾಡುವವನ ಹೆಸರೇನೆಂದು ಯಾರೂ ಕೇಳುತ್ತಿರಲಿಲ್ಲ. ಇದು ರೇ ಅವರನ್ನು ಕೊರೆಯತೊಡಗಿತು. 1952ರಲ್ಲಿ ಅಟ್ಲಾಂಟಿಕ್ ಎಂಬ ಧ್ವನಿಮುದ್ರಣ ಕಂಪನಿ ಸೇರಿದ ಮೇಲೆ ತಮ್ಮದೇ ದನಿ ಯಾವುದೆಂದು ಹುಡುಕಿದರು. ಅದು ಸಿಕ್ಕಿದ್ದು ಬಾಲ್ಯದಲ್ಲಿ ಕೇಳಿದ ಚರ್ಚಿನ ಹಾಡಿನಲ್ಲಿ.

ಕಪ್ಪು ಜನರಲ್ಲಿ ಎರಡು ಬಗೆಯ ಹಾಡುಗಾರಿಕೆ ಇತ್ತು. ಒಂದು ಬ್ಲೂಸ್: ಲೌಕಿಕ ದುಃಖದ ಹಾಡು, ಒಂದು ಸಾಲನ್ನು ಎರಡು ಸಲ ಹೇಳಿ, ಮೂರನೆಯ ಸಾಲಿನಲ್ಲಿ ಅದಕ್ಕೆ ಉತ್ತರ ಕೊಡುವುದು ಅದರ ಸಾಮಾನ್ಯ ಕಟ್ಟು. ಇನ್ನೊಂದು ಗಾಸ್ಪೆಲ್: ಚರ್ಚಿನ ಭಕ್ತಿಗೀತೆ, ಒಬ್ಬರು ಎತ್ತಿಕೊಟ್ಟದ್ದಕ್ಕೆ ಉಳಿದವರು ಮರುದನಿ ಕೊಡುವುದು, ಭಾವಾವೇಶದಲ್ಲಿ ಕೂಗುವುದು. ಒಂದು ಶನಿವಾರ ರಾತ್ರಿಯದು, ಇನ್ನೊಂದು ಭಾನುವಾರ ಬೆಳಗಿನದು. ಎರಡನ್ನೂ ಬೆರೆಸಬಾರದೆಂಬುದು ಹಿರಿಯರ ಕಟ್ಟಳೆ. 1954ರಲ್ಲಿ ಪ್ರವಾಸದ ನಡುವೆ ಕಾರಿನ ರೇಡಿಯೋದಲ್ಲಿ ಕೇಳಿದ ಒಂದು ಗಾಸ್ಪೆಲ್ ಧಾಟಿಗೆ ರೇ ಮತ್ತು ಅವರ ಮೇಳದ ರೆನಾಲ್ಡ್ ರಿಚರ್ಡ್ ಪ್ರೇಮದ ಮಾತು ಜೋಡಿಸಿದರು. ‘ಐ ಗಾಟ್ ಎ ವುಮನ್’ ಎಂಬ ಆ ಹಾಡು 1955ರಲ್ಲಿ ರಿದಮ್ ಅಂಡ್ ಬ್ಲೂಸ್ ಪಟ್ಟಿಯ ತುದಿಗೇರಿತು. ಮುಂದೆ ಜಗತ್ತು ಸೋಲ್ ಎಂದು ಕರೆದ ಸಂಗೀತದ ಮೊದಲ ಹಾಡುಗಳಲ್ಲಿ ಇದೂ ಒಂದು. ದೇವರ ಹಾಡನ್ನು ಮೈಲಿಗೆ ಮಾಡಿದ ಎಂದು ಹಲವರು ಬೈದರು. ಬ್ಲೂಸ್‌ನ ಹಿರಿಯ ಗಾಯಕ ಬಿಗ್ ಬಿಲ್ ಬ್ರೂನ್ಜಿ ಅವರೂ ಇದು ಸಲ್ಲದು ಎಂದರು. ರೇ ಹಿಂದೆ ಸರಿಯಲಿಲ್ಲ. 1959ರಲ್ಲಿ ಬಂದ ‘ವಾಟ್ಡ್ ಐ ಸೇ’ ಹಾಡಿನಲ್ಲಿ ಅವರು ಕೂಗಿದ್ದಕ್ಕೆ ರೇಲೆಟ್ಸ್ ಎಂಬ ಹೆಂಗಸರ ತಂಡ ಮಾರುತ್ತರ ಕೊಡುವುದು ಥೇಟ್ ಚರ್ಚಿನ ರೀತಿಯೇ.

ಅದೇ ವರ್ಷ ಎಬಿಸಿ-ಪ್ಯಾರಾಮೌಂಟ್ ಕಂಪನಿಗೆ ಹೋದಾಗ, ಮೂಲ ಧ್ವನಿಮುದ್ರಣಗಳ ಒಡೆತನ ತಮಗೇ ಸೇರಬೇಕೆಂದು ಕರಾರು ಮಾಡಿಸಿಕೊಂಡರು. ಗಾಯಕರಿಗೆ ಆಗ ಇಂಥ ಕರಾರು ಸಿಗುತ್ತಿದ್ದುದು ಬಲು ಅಪರೂಪ. 1960ರಲ್ಲಿ ‘ಜಾರ್ಜಿಯಾ ಆನ್ ಮೈ ಮೈಂಡ್’ ಎಂಬ ಹಳೆಯ ಹಾಡನ್ನು ಹಾಡಿ ದೇಶಕ್ಕೆಲ್ಲ ಮನೆಮಾತಾದರು.

ಮರುವರ್ಷವೇ ಆ ಜಾರ್ಜಿಯಾದಲ್ಲಿ ಪರೀಕ್ಷೆ ಬಂತು. 1961ರ ಮಾರ್ಚ್‌ನಲ್ಲಿ ಆಗಸ್ಟಾ ನಗರದಲ್ಲಿ ಕಾರ್ಯಕ್ರಮ. ಕುಣಿಯುವ ಅಂಗಳ ಬಿಳಿಯರಿಗೆ ಮಾತ್ರ, ಕಪ್ಪು ಜನ ಮೇಲಿನ ಬಾಲ್ಕನಿಯಲ್ಲಿ ಕೂರಬೇಕು ಎಂಬ ಏರ್ಪಾಡು ಅಲ್ಲಿತ್ತು. ಇದನ್ನು ಅವರಿಗೆ ತಿಳಿಸಿದವರು ಪೇನ್ ಕಾಲೇಜಿನ ವಿದ್ಯಾರ್ಥಿಗಳು, ನಿಮ್ಮ ವಯಸ್ಸಿನವರು. ರೇ ಹಾಡಲು ಒಪ್ಪದೆ, ಕಾರಣವನ್ನು ಬಹಿರಂಗವಾಗಿಯೇ ಹೇಳಿ ಊರು ಬಿಟ್ಟರು. ಕಾರ್ಯಕ್ರಮ ಏರ್ಪಡಿಸಿದವರು ದಾವೆ ಹೂಡಿದರು. 1962ರಲ್ಲಿ ನ್ಯಾಯಾಲಯ 757 ಡಾಲರ್ ಕೊಡಬೇಕೆಂದಿತು. ರಾಜ್ಯದಿಂದಲೇ ಅವರನ್ನು ಬಹಿಷ್ಕರಿಸಿದರೆಂದು 2004ರ ‘ರೇ’ ಚಲನಚಿತ್ರ ತೋರಿಸುತ್ತದೆ, ಅದು ನಿಜವಲ್ಲ. 1963ರಲ್ಲಿ ಅದೇ ಆಗಸ್ಟಾದಲ್ಲಿ, ಎಲ್ಲರೂ ಬೆರೆತು ಕೂತ ಸಭೆಗೆ ಅವರು ಹಾಡಿದರು.

1962ರಲ್ಲಿ ಬಿಳಿಯ ಹಳ್ಳಿಗರದೆಂದು ಎಣಿಸಿದ್ದ ಕಂಟ್ರಿ ಹಾಡುಗಳ ಆಲ್ಬಮ್ ತಂದಾಗಲೂ ಬೇಡವೆಂದವರಿದ್ದರು. ಅದು ಹದಿನಾಲ್ಕು ವಾರ ಮೊದಲ ಸ್ಥಾನದಲ್ಲಿ ನಿಂತಿತು. ಬದುಕೆಲ್ಲ ಗೆಲುವೇ ಆಗಿರಲಿಲ್ಲ. ಹೆರಾಯಿನ್ ಚಟ ಹದಿಹರೆಯದಿಂದಲೇ ಅಂಟಿತ್ತು. 1964ರಲ್ಲಿ ಬಾಸ್ಟನ್‌ನಲ್ಲಿ ಬಂಧನವಾಗಿ, 1965ರಲ್ಲಿ ಆಸ್ಪತ್ರೆ ಸೇರಿ ಅದನ್ನು ಬಿಟ್ಟರು. ಆ ವರ್ಷ ಕಛೇರಿಗಳನ್ನೇ ನಿಲ್ಲಿಸಬೇಕಾಯಿತು.

2004ರ ಜೂನ್ 10ರಂದು ತೀರಿಕೊಳ್ಳುವವರೆಗೂ ಅವರು ಹಾಡನ್ನು ಬಿಡಲಿಲ್ಲ. ಅದಕ್ಕೆ ಇಪ್ಪತ್ತೈದು ವರ್ಷ ಮೊದಲು, 1979ರ ಮಾರ್ಚ್ 7ರಂದು, ಜಾರ್ಜಿಯಾದ ಶಾಸನಸಭೆ ಅವರನ್ನು ಕರೆಸಿಕೊಂಡಿತ್ತು. ಸದಸ್ಯರ ಎದುರು ಪಿಯಾನೋ ಮುಂದೆ ಕುಳಿತು ಅವರು ‘ಜಾರ್ಜಿಯಾ ಆನ್ ಮೈ ಮೈಂಡ್’ ಹಾಡಿದರು. ಮುಂದಿನ ತಿಂಗಳು ಅದು ಆ ರಾಜ್ಯದ ನಾಡಗೀತೆಯಾಯಿತು.